ತುಳಿಯೋದಕ್ಕೆ ಎಷ್ಟು ಬೇಕು? ಸೈಕಲ್ ಪೆಡಲ್ ಮತ್ತು ಶೂ ಆರಿಸೋ ಲೆಕ್ಕ

ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿರೋ ಸೈಕಲ್‌ಗಳ ಪೆಡಲ್‌ಗಳನ್ನಷ್ಟೇ ಒಮ್ಮೆ ನೋಡ್ತಾ ಹೋಗಿ. ಒಂದರಲ್ಲಿ ಪ್ಲಾಸ್ಟಿಕ್ ಒಡೆದು ಬರೀ ಆಕ್ಸಲ್ ಉಳಿದಿರುತ್ತೆ. ಇನ್ನೊಂದು ಸವೆದು ಸವೆದು ಸೋಪಿನ ಹಾಗೆ ನುಣ್ಣಗಾಗಿರುತ್ತೆ. ಮತ್ತೊಂದು ಪ್ರತಿ ಸುತ್ತಿಗೂ ‘ಕಟಕ್’ ಅನ್ನುತ್ತೆ. ಗೇರ್ ಎಷ್ಟು, ಡಿಸ್ಕ್ ಬ್ರೇಕ್ ಇದೆಯಾ, ಸಸ್ಪೆನ್ಷನ್ ಇದೆಯಾ ಅಂತ ಹತ್ತು ಸಲ ವಿಚಾರಿಸಿ ಸೈಕಲ್ ತಗೊಳ್ಳೋ ನಾವು ಪೆಡಲ್ ಬಗ್ಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲ್ಲ.

ಆದರೆ ಸೈಕಲ್ಲಿಗೂ ನಮಗೂ ಇರುವ ಸಂಪರ್ಕ ಮೂರೇ ಜಾಗದಲ್ಲಿ: ಹ್ಯಾಂಡಲ್, ಸೀಟು, ಪೆಡಲ್. ಇವುಗಳಲ್ಲಿ ನಮ್ಮ ಶಕ್ತಿ ಚಕ್ರಕ್ಕೆ ಹೋಗೋದು ಪೆಡಲ್ ಮೂಲಕ ಮಾತ್ರ. ಮಳೆಯಲ್ಲಿ ಕಾಲು ಜಾರಿದರೆ ಮೊದಲು ಪೆಟ್ಟು ಬೀಳೋದು ಕಣಕಾಲಿನ ಮೂಳೆಗೆ. ಅದೇ ಜಾರೋದು ಸಿಗ್ನಲ್ ದಾಟುವಾಗ, ಹಿಂದೆ ಬಸ್ ಇದ್ದಾಗ ಆದರೆ, ಪೆಟ್ಟು ಅಷ್ಟಕ್ಕೇ ನಿಲ್ಲಲ್ಲ.

ಇದರ ಇನ್ನೊಂದು ತುದಿಯೂ ಇದೆ. ಇಂಟರ್ನೆಟ್‌ನಲ್ಲಿ ‘ಒಳ್ಳೆ ಪೆಡಲ್ ಯಾವುದು’ ಅಂತ ಹುಡುಕಿದರೆ ಸಿಗೋದು ಶೂಗೇ ಲಾಕ್ ಆಗುವ ಪೆಡಲ್‌ಗಳು, ಅದಕ್ಕೆಂದೇ ಮಾಡಿದ ಗಟ್ಟಿ ಸೋಲಿನ ಶೂಗಳು. ಎರಡೂ ಸೇರಿ ನಮ್ಮಲ್ಲಿ ಎಷ್ಟೋ ಜನರ ಸೆಕೆಂಡ್ ಹ್ಯಾಂಡ್ ಸೈಕಲ್ಲಿಗಿಂತ ದುಬಾರಿ. ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ. ‘ಇದೆಲ್ಲ ಇಲ್ಲದಿದ್ರೆ ಸೈಕ್ಲಿಂಗ್ ಅಲ್ಲವೇನೋ’ ಅನ್ನೋ ಅನುಮಾನ ಬೇರೆ ಬರುತ್ತೆ.

ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡ್ತೀವಿ. ಹಾಸ್ಟೆಲ್‌ನಿಂದ ಕ್ಲಾಸಿಗೆ, ಮನೆಯಿಂದ ಕಾಲೇಜಿಗೆ, ಭಾನುವಾರ ಬೆಳಿಗ್ಗೆ ಕೆರೆ ಏರಿವರೆಗೆ ಸೈಕಲ್ ತುಳಿಯೋರಿಗೆ ಬೇಕಾಗಿರೋದು ಎರಡೇ: ಹಿಡಿತ ಇರುವ ಅಗಲವಾದ ಚಪ್ಪಟೆ ಪೆಡಲ್, ಮತ್ತು ಸೋಲ್ ಚಪ್ಪಟೆಯಾಗಿ ಸ್ವಲ್ಪ ಗಟ್ಟಿಯಾಗಿರುವ ಒಂದು ಶೂ. ಎರಡನೆಯದು ಬಹುಶಃ ಈಗಾಗಲೇ ನಿಮ್ಮ ಮಂಚದ ಕೆಳಗೆ ಇದೆ. ಯಾಕೆ ಹೀಗೆ ಅನ್ನೋದೇ ಮುಂದಿನ ಲೆಕ್ಕ.

ಪೆಡಲ್ ಮೇಲೆ ನಾವು ಹಾಕೋ ಬಲ ಎಷ್ಟು?

ಸಮತಟ್ಟು ರಸ್ತೆಯಲ್ಲಿ ಆರಾಮಾಗಿ ಹೋಗುವಾಗ ನಮ್ಮ ಕಾಲುಗಳು ಸುಮಾರು 75 ವ್ಯಾಟ್ ಕೊಡ್ತಿವೆ ಅಂದುಕೊಳ್ಳೋಣ. ಪೆಡಲ್ ನಿಮಿಷಕ್ಕೆ 60 ಸುತ್ತು ಸುತ್ತುತ್ತಿದೆ. ಅಂದರೆ ಸೆಕೆಂಡಿಗೆ ಒಂದು ಸುತ್ತು, ಕೋನೀಯ ವೇಗ 6.28 ರೇಡಿಯನ್. ಪವರ್‌ ಅನ್ನು ಕೋನೀಯ ವೇಗದಿಂದ ಭಾಗಿಸಿದರೆ ಟಾರ್ಕ್ ಸಿಗುತ್ತೆ: ಸುಮಾರು 12 ನ್ಯೂಟನ್ ಮೀಟರ್. ದೊಡ್ಡವರ ಸೈಕಲ್‌ಗಳಲ್ಲಿ ಕ್ರ್ಯಾಂಕಿನ ಉದ್ದ ಸಾಮಾನ್ಯವಾಗಿ 170 ಮಿ.ಮೀ. 12ನ್ನು 0.17ರಿಂದ ಭಾಗಿಸಿದರೆ ಸುಮಾರು 70 ನ್ಯೂಟನ್. ಅಂದ್ರೆ ಸರಾಸರಿಯಾಗಿ 7 ಕೆ.ಜಿ. ತೂಕದಷ್ಟು ಬಲ!

ಇದು ಇಡೀ ಸುತ್ತಿನ ಸರಾಸರಿ. ಪೆಡಲ್ ಮುಂದಕ್ಕೆ ಬಂದು ಕೆಳಗೆ ಇಳಿಯುವಾಗ ಬಲ ಇದಕ್ಕಿಂತ ಸಾಕಷ್ಟು ಜಾಸ್ತಿ ಇರುತ್ತೆ, ಮೇಲೆ ಮತ್ತು ಕೆಳಗಿನ ತುದಿಯಲ್ಲಿ ತುಂಬ ಕಡಿಮೆ. ಆದರೂ ಲೆಕ್ಕ ಹೇಳೋದು ಸ್ಪಷ್ಟ: ದಿನನಿತ್ಯದ ಓಡಾಟದಲ್ಲಿ ಶೂ ಮುರಿದುಹೋಗುವಷ್ಟು, ಪೆಡಲ್ ಬಗ್ಗುವಷ್ಟು ಬಲವನ್ನು ನಾವು ಹಾಕ್ತಾ ಇಲ್ಲ. ರೇಸಿಂಗ್ ಶೂಗಳ ಕಾರ್ಬನ್ ಸೋಲ್ ಪರಿಹರಿಸೋ ಸಮಸ್ಯೆ ನಮಗೆ ಇಲ್ಲವೇ ಇಲ್ಲ.

ಹಾಗಾದ್ರೆ ಬಲ ಜಾಸ್ತಿಯಾಗೋದು ಯಾವಾಗ? ಏರು ಬಂದಾಗ ಸೀಟಿನಿಂದ ಎದ್ದು ನಿಂತು ತುಳಿಯುವಾಗ. 60 ಕೆ.ಜಿ. ತೂಕದವರು ಒಂದೇ ಪೆಡಲ್ ಮೇಲೆ ಪೂರ್ತಿ ಭಾರ ಹಾಕಿದರೆ ಸುಮಾರು 590 ನ್ಯೂಟನ್. ಮೇಲಿನದಕ್ಕಿಂತ ಎಂಟು ಪಟ್ಟಿಗೂ ಜಾಸ್ತಿ. ಮೆತ್ತನೆ ಸೋಲ್ ಪೆಡಲ್ ಅಂಚಿನಲ್ಲಿ ಮಡಚಿಕೊಳ್ಳೋದು, ನುಣ್ಣಗಿನ ಪೆಡಲ್ ಮೇಲೆ ಕಾಲು ಜಾರೋದು ಇಂಥ ಹೊತ್ತಲ್ಲೇ. ನಮ್ಮ ಆಯ್ಕೆ ಈ ಕ್ಷಣವನ್ನು ತಡೆದುಕೊಂಡರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತೆ.

ತುಳಿಯೋದೋ, ಎಳೆಯೋದೋ?

ಶೂವನ್ನು ಪೆಡಲಿಗೆ ಲಾಕ್ ಮಾಡಿಕೊಳ್ಳೋದಕ್ಕೆ ಎಲ್ಲರೂ ಕೊಡೋ ಕಾರಣ ಒಂದೇ: ‘ಕಾಲನ್ನು ಮೇಲಕ್ಕೆ ಎಳೆಯುವಾಗಲೂ ಪವರ್ ಸಿಗುತ್ತೆ.’ ಕೇಳೋಕೆ ಸರಿ ಅನ್ಸುತ್ತೆ. ಅರ್ಧ ಸುತ್ತು ಸುಮ್ಮನೆ ಯಾಕೆ ಹಾಳು ಮಾಡ್ಬೇಕು?

ಇದನ್ನು ಲ್ಯಾಬಿನಲ್ಲಿ ಅಳೆದಿದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ಜನ ಸೈಕಲಿಗರು 200 ವ್ಯಾಟ್‌ನಲ್ಲಿ, ನಿಮಿಷಕ್ಕೆ 90 ಸುತ್ತಿನಂತೆ, ನಾಲ್ಕು ರೀತಿಯಲ್ಲಿ ತುಳಿದರು: ತಮ್ಮ ಎಂದಿನ ರೀತಿ, ವೃತ್ತಾಕಾರವಾಗಿ, ಒತ್ತಿ ತುಳಿಯೋದು, ಬೇಕೆಂದೇ ಮೇಲಕ್ಕೆ ಎಳೆಯೋದು. ಮೇಲಕ್ಕೆ ಎಳೆದಾಗ ಬಲದ ದಿಕ್ಕು ಯಾಂತ್ರಿಕವಾಗಿ ಉತ್ತಮವಾಯ್ತು ನಿಜ. ಆದರೆ ದೇಹ ಖರ್ಚು ಮಾಡಿದ ಶಕ್ತಿಗೆ ಹೋಲಿಸಿದರೆ ದಕ್ಷತೆ ಕಡಿಮೆಯಾಯ್ತು. ಕಾಲನ್ನು ಮೇಲೆತ್ತುವ ಸ್ನಾಯುಗಳು ಕೆಳಗೆ ಒತ್ತುವ ಸ್ನಾಯುಗಳಷ್ಟು ದೊಡ್ಡವೂ ಅಲ್ಲ, ಬಲಶಾಲಿಯೂ ಅಲ್ಲ. ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು ಇರೋದೇ ಒತ್ತೋದಕ್ಕೆ.

2016ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ನೇರವಾದ ಪ್ರಶ್ನೆ ಕೇಳಿದರು. ಚಪ್ಪಟೆ ಪೆಡಲ್ ಮೇಲೆ ರನ್ನಿಂಗ್ ಶೂ, ಪಟ್ಟಿ ಇರುವ ಪೆಡಲ್ ಮೇಲೆ ರನ್ನಿಂಗ್ ಶೂ, ಲಾಕ್ ಆಗುವ ಪೆಡಲ್ ಜೊತೆ ಸೈಕ್ಲಿಂಗ್ ಶೂ, ಈ ಮೂರರಲ್ಲಿ ಒಂದೇ ವೇಗದ ಸವಾರಿಗೆ ದೇಹಕ್ಕೆ ತಗಲುವ ಶಕ್ತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದೇ ವಿಶ್ವವಿದ್ಯಾಲಯದಿಂದ 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಇದರ ಇನ್ನೊಂದು ಮುಖವನ್ನೂ ತೋರಿಸಿತು: ಏರಿನಲ್ಲಿ ಪೂರ್ತಿ ದಮ್ಮು ಕಟ್ಟಿ ಸ್ಪ್ರಿಂಟ್ ಮಾಡುವಾಗ ಲಾಕ್ ಪೆಡಲ್‌ನಿಂದ ಹೆಚ್ಚು ಪವರ್ ಬರುತ್ತೆ. ಅಂದರೆ ರೇಸ್ ಓಡಿಸೋರು ಅದನ್ನು ಬಳಸೋದು ಸುಮ್ಮನೆ ಶೋಕಿಗಲ್ಲ. ಆದರೆ ಎಂಟೂವರೆ ಕ್ಲಾಸಿಗೆ ಹೋಗೋ ನಮಗೆ ಅಷ್ಟು ಸ್ಪ್ರಿಂಟ್ ಬೇಕಾಗಲ್ಲ. ಹಾಜರಿ 75 ಪರ್ಸೆಂಟ್‌ಗಿಂತ ಕೆಳಗಿದ್ರೆ ಬೇಕಾಗಬಹುದು, ಆ ಮಾತು ಬೇರೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು ಅನ್ಸುತ್ತೆ. ಕನ್ನಡದಲ್ಲಿ ನಾವು ಸೈಕಲ್ ‘ತುಳೀತೀವಿ’, ಎಳೆಯೋದಿಲ್ಲ. ಎಳೆಯೋದು ಪಂಚರ್ ಆದಾಗ ಮಾತ್ರ.

ಯಾವ್ಯಾವ ಪೆಡಲ್‌ಗಳಿವೆ?

ರಬ್ಬರ್ ಬ್ಲಾಕ್ ಪೆಡಲ್: ಅಜ್ಜನ ಕಾಲದ ಕಪ್ಪು ಸೈಕಲ್‌ಗಳಲ್ಲಿ ಇರೋದು ಇದೇ. ಎರಡು ಕಡೆ ರಬ್ಬರ್ ಕಟ್ಟೆ, ನಡುವೆ ಕಬ್ಬಿಣ. ಬರಿಗಾಲಲ್ಲೂ, ಚಪ್ಪಲಿಯಲ್ಲೂ ತುಳಿಯಬಹುದು, ಬೇಗ ಹಾಳಾಗಲ್ಲ. ರಬ್ಬರ್ ಸವೆದ ಮೇಲೆ ಮಳೆಯಲ್ಲಿ ಜಾರುತ್ತೆ ಅನ್ನೋದೊಂದೇ ದೋಷ. ಚಪ್ಪಲಿಯಲ್ಲೇ ಹೆಚ್ಚು ಓಡಾಡೋರಿಗೆ ಇವತ್ತಿಗೂ ಇದು ಕೆಟ್ಟ ಆಯ್ಕೆ ಅಲ್ಲ.

ಸಾದಾ ಪ್ಲಾಸ್ಟಿಕ್ ಪೆಡಲ್: ಹೊಸ ಸೈಕಲ್ ಜೊತೆ ಬರೋದು ಹೆಚ್ಚಾಗಿ ಇದು. ಹಗುರ, ಅಗ್ಗ. ಹೊಸದಿದ್ದಾಗ ಮೇಲಿನ ಗೀರುಗಳು ಹಿಡಿತ ಕೊಡುತ್ತವೆ. ಅವು ಸವೆದ ಮೇಲೆ ಏನೂ ಇರಲ್ಲ. ಒಳಗಿನ ಬೇರಿಂಗ್ ಕೂಡ ಸಾಮಾನ್ಯವಾಗಿ ಬಿಡಿ ಗುಂಡುಗಳದ್ದು. ಗ್ರೀಸ್ ಒಣಗಿ ನೀರು ಸೇರಿದರೆ ಸದ್ದು ಶುರು.

ಲೋಹದ ಹಲ್ಲಿನ ಪೆಡಲ್: ಸುತ್ತಲೂ ಗರಗಸದಂಥ ಅಂಚಿರುವ ತೆಳು ಚೌಕಟ್ಟು. ಹಿಡಿತ ಚೆನ್ನಾಗಿದೆ, ಆದರೆ ಭಾರವೆಲ್ಲ ಎರಡು ತೆಳು ಗೆರೆಗಳ ಮೇಲೆ ಬೀಳುತ್ತೆ. ಮೆತ್ತನೆ ಸೋಲ್ ಹಾಕಿದರೆ ಹದಿನೈದು ನಿಮಿಷದಲ್ಲೇ ಅಂಗಾಲಿಗೆ ಗೊತ್ತಾಗುತ್ತೆ.

ಪಿನ್ ಇರುವ ಚಪ್ಪಟೆ ಪೆಡಲ್: ನಮ್ಮ ಮತ ಇದಕ್ಕೇ. ಅಂಗೈಗಿಂತ ಅಗಲವಾದ ವೇದಿಕೆ, ಎರಡೂ ಮುಖದಲ್ಲಿ ಸಣ್ಣ ಪಿನ್ನುಗಳು. ಅಲ್ಯುಮಿನಿಯಮ್‌ನಲ್ಲೂ ಸಿಗುತ್ತೆ, ನೈಲಾನ್‌ನಲ್ಲೂ ಸಿಗುತ್ತೆ. ದಿನದ ಓಡಾಟಕ್ಕೆ ನೈಲಾನೇ ಒಳ್ಳೇದು: ಅಗ್ಗ, ತುಕ್ಕಿಲ್ಲ, ನೆಲಕ್ಕೆ ತಾಗಿದರೂ ಜಾರಿಕೊಂಡು ಹೋಗುತ್ತೆ. ಪಿನ್ನುಗಳಲ್ಲೂ ಎರಡು ಥರ ಇವೆ. ಪೆಡಲ್ ಜೊತೆಗೇ ಎರಕ ಹೊಯ್ದ ಮೊಂಡು ಪಿನ್ನು, ಬಿಚ್ಚಿ ಬದಲಿಸಬಹುದಾದ ಉಕ್ಕಿನ ಚೂಪು ಪಿನ್ನು. ಎರಡನೆಯದು ಗುಡ್ಡಗಾಡಿನಲ್ಲಿ ಹಾರಿಸೋರಿಗೆ. ಅದು ಶೂ ಸೋಲನ್ನೂ ತಿನ್ನುತ್ತೆ, ಜಾರಿದರೆ ಕಾಲಿನ ಚರ್ಮವನ್ನೂ ತಿನ್ನುತ್ತೆ. ನಮಗೆ ಮೊಂಡು ಪಿನ್ನೇ ಸಾಕು.

ಟೋ ಕ್ಲಿಪ್: ಪೆಡಲ್ ಮುಂದೆ ಒಂದು ಪಂಜರ, ಜೊತೆಗೆ ಬಿಗಿಯುವ ಪಟ್ಟಿ. ಲಾಕ್ ಪೆಡಲ್ ಬರುವ ಮುಂಚೆ ರೇಸ್‌ಗಳಲ್ಲಿ ಇದೇ ಇತ್ತು. ಸಿಟಿ ಟ್ರಾಫಿಕ್‌ನಲ್ಲಿ ಕಾಲನ್ನು ಹಿಂದಕ್ಕೆಳೆದು ಬಿಡಿಸಿಕೊಳ್ಳೋದು ತಡವಾದರೆ ಸೈಕಲ್ ಸಮೇತ ಒಂದು ಪಕ್ಕಕ್ಕೆ ವಾಲ್ತೀವಿ. ಹೊಸದಾಗಿ ಹಾಕಿಸಿಕೊಳ್ಳೋಕೆ ಕಾರಣವೇ ಇಲ್ಲ.

ಲಾಕ್ ಆಗುವ ಪೆಡಲ್: ಇದರ ಇಂಗ್ಲಿಷ್ ಹೆಸರು ಕ್ಲಿಪ್‌ಲೆಸ್. ಕಾಲು ಲಾಕ್ ಆಗುತ್ತೆ, ಆದರೂ ಹೆಸರು ‘ಕ್ಲಿಪ್ ಇಲ್ಲದ್ದು’ ಯಾಕೆ? ಮೇಲೆ ಹೇಳಿದ ಟೋ ಕ್ಲಿಪ್ ಇದರಲ್ಲಿ ಇಲ್ಲ, ಅದಕ್ಕೆ. ಹಿಮದ ಮೇಲೆ ಜಾರುವ ಸ್ಕೀ ಶೂಗಳ ಬೈಂಡಿಂಗ್ ಮಾಡ್ತಿದ್ದ ಫ್ರಾನ್ಸಿನ ಲುಕ್ ಕಂಪನಿ ಅದೇ ಉಪಾಯವನ್ನು ಪೆಡಲಿಗೆ ತಂದು 1984ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷ ಬರ್ನಾರ್ಡ್ ಇನೋ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ರೇಸ್ ಲೋಕ ಪೂರ್ತಿ ಆ ಕಡೆ ತಿರುಗಿತು. 1990ರಲ್ಲಿ ಜಪಾನಿನ ಶಿಮಾನೊ ತನ್ನ ಎಸ್‌ಪಿಡಿ ಪೆಡಲ್ ತಂದಿತು. ಶೂ ಕೆಳಗಿನ ಲಾಕ್ ಆಗುವ ತುಂಡಿಗೆ ಕ್ಲೀಟ್ ಅಂತಾರೆ. ರೋಡ್ ರೇಸ್ ಶೂಗಳಲ್ಲಿ ಮೂರು ಬೋಲ್ಟಿನ ದೊಡ್ಡ ಕ್ಲೀಟ್ ಹೊರಗೇ ಇರುತ್ತೆ, ಅದನ್ನು ಹಾಕಿಕೊಂಡು ನಡೆದರೆ ಬಾತುಕೋಳಿ ನಡಿಗೆ. ಎಸ್‌ಪಿಡಿಯಲ್ಲಿ ಎರಡು ಬೋಲ್ಟಿನ ಚಿಕ್ಕ ಕ್ಲೀಟ್, ಅದು ಸೋಲಿನ ಗುಳಿಯೊಳಗೆ ಕೂತಿರುತ್ತೆ, ಹಾಗಾಗಿ ನಡೆಯಬಹುದು.

ಎರಡು ಮುಖದ ಪೆಡಲ್: ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಎಸ್‌ಪಿಡಿ. ವಾರವೆಲ್ಲ ಸಾದಾ ಶೂ, ಭಾನುವಾರ ಮಾತ್ರ ನೂರು ಕಿಲೋಮೀಟರ್ ಅನ್ನೋರಿಗೆ ಸರಿಯಾದದ್ದು. ತೊಂದರೆ ಇಷ್ಟೇ: ಸಿಗ್ನಲ್ ಬಿಟ್ಟಾಗ ಯಾವ ಮುಖ ಮೇಲಿದೆ ಅಂತ ಪ್ರತಿ ಸಲ ನೋಡ್ಬೇಕು.

ಶೂ: ಕೊಳ್ಳೋ ಮೊದಲು ಇರೋದನ್ನು ನೋಡಿ

ಪೆಡಲ್ ಮೇಲೆ ಇಡೋ ಶೂನಲ್ಲಿ ನಾಲ್ಕು ಗುಣ ನೋಡ್ಬೇಕು. ಸೋಲ್ ಚಪ್ಪಟೆ ಇರಬೇಕು. ಮೇಲ್ಮೈ ರಬ್ಬರಿನದಾಗಿ ಹಿಡಿತ ಇರಬೇಕು. ನಡುವೆ ಮಡಚಿಕೊಳ್ಳದಷ್ಟು ಗಟ್ಟಿ ಇರಬೇಕು. ಹಿಮ್ಮಡಿಯನ್ನು ಹಿಡಿದಿಟ್ಟುಕೊಳ್ಳಬೇಕು.

ಪರೀಕ್ಷೆ ಸುಲಭ. ಶೂನ ತುದಿ ಮತ್ತು ಹಿಮ್ಮಡಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡದ ಹತ್ತಿರ ಸ್ವಲ್ಪ ಬಗ್ಗಿದರೆ ಸರಿ, ಅಷ್ಟಿಲ್ಲದೆ ನಡೆಯೋಕಾಗಲ್ಲ. ಚಪಾತಿ ಹಾಗೆ ನಡುವೆ ಮಡಚಿಕೊಂಡರೆ ಬೇಡ. ಆಮೇಲೆ ಸೋಲನ್ನು ಹೆಬ್ಬೆರಳಿನಿಂದ ಒತ್ತಿ. ಸ್ಪಂಜಿನ ಹಾಗೆ ಒಳಹೋದರೆ, ಪೆಡಲ್ ಅಂಚು ನಿಮ್ಮ ಪಾದಕ್ಕೂ ಹಾಗೇ ತಾಗುತ್ತೆ.

ಈ ಪರೀಕ್ಷೆಯಲ್ಲಿ ನಮ್ಮ ಹತ್ತಿರ ಇರೋ ಪಾದರಕ್ಷೆಗಳು ಹೇಗೆ ನಿಲ್ತವೆ?

ಹವಾಯಿ ಚಪ್ಪಲಿ: ಮೆಸ್ಸಿಗೆ ಹೋಗಿ ಬರೋ ಐನೂರು ಮೀಟರಿಗೆ ಎಲ್ಲರೂ ಹಾಕ್ತೀವಿ, ಬೇಡ ಅಂದರೂ ಯಾರೂ ಕೇಳಲ್ಲ. ಆದರೆ ರಸ್ತೆಗೆ ಇಳಿಯುವಾಗ ಬೇಡ. ಹಿಮ್ಮಡಿ ಹಿಡಿಯಲ್ಲ, ಒದ್ದೆಯಾದರೆ ಪಾದ ಚಪ್ಪಲಿಯೊಳಗೇ ಜಾರುತ್ತೆ, ಬೆರಳುಗಳಿಗೆ ಯಾವ ರಕ್ಷಣೆಯೂ ಇಲ್ಲ. ಅವಸರದಲ್ಲಿ ಬ್ರೇಕ್ ಹಾಕಿ ಕಾಲು ಊರಿದಾಗ ಉಂಗುಷ್ಠ ಕಿತ್ತು ಬಂದರೆ ಆಮೇಲೆ ಏನೂ ಮಾಡೋಕಾಗಲ್ಲ.

ಹಿಂದೆ ಪಟ್ಟಿ ಇರುವ ಸ್ಯಾಂಡಲ್: ಚಪ್ಪಲಿಗಿಂತ ಎಷ್ಟೋ ಮೇಲು. ಮಳೆಗಾಲದಲ್ಲಂತೂ ಒದ್ದೆ ಶೂ, ಒದ್ದೆ ಸಾಕ್ಸ್‌ನಲ್ಲಿ ಮೂರು ಗಂಟೆ ಲ್ಯಾಬಲ್ಲಿ ನಿಲ್ಲೋದಕ್ಕಿಂತ ಸ್ಯಾಂಡಲ್‌ನಲ್ಲಿ ಬಂದು ಶೂವನ್ನು ಬ್ಯಾಗಲ್ಲಿ ತರೋದು ಜಾಣತನ. ಸೋಲ್ ಗಟ್ಟಿ ಇದೆಯಾ, ಪಟ್ಟಿ ಬಿಗಿಯಾಗುತ್ತಾ ಅಂತ ನೋಡಿಕೊಳ್ಳಿ.

ರನ್ನಿಂಗ್ ಶೂ: ಓಡುವಾಗ ಆಘಾತ ತಡೆಯೋದಕ್ಕೆ ಮಾಡಿದ ದಪ್ಪ ಮೆತ್ತನೆ ಫೋಮ್ ಇದರಲ್ಲಿರುತ್ತೆ. ಸೈಕಲ್ಲಲ್ಲಿ ಅಂಥ ಆಘಾತವೇ ಇಲ್ಲ. ಮುಂದಿನ ತುದಿ ಮೇಲಕ್ಕೆ ಬಾಗಿರೋದರಿಂದ ಪೆಡಲ್ ಜೊತೆ ಪೂರ್ತಿ ತಾಗಲ್ಲ. ಐದಾರು ಕಿಲೋಮೀಟರಿಗೆ ಏನೂ ಆಗಲ್ಲ, ಆರಾಮಾಗಿ ಹಾಕಿ. ಮೂವತ್ತು ದಾಟಿದರೆ ಅಂಗಾಲು ಉರಿ ಶುರುವಾಗಬಹುದು.

ಕ್ಯಾನ್ವಾಸ್ ಶೂ, ಸ್ಕೇಟ್ ಶೂ ಥರದವು: ಚಪ್ಪಟೆ ರಬ್ಬರ್ ಸೋಲ್, ಪಿನ್ ಪೆಡಲಿಗೆ ಹೇಳಿ ಮಾಡಿಸಿದ ಜೋಡಿ. ಗುಡ್ಡಗಾಡು ಸೈಕ್ಲಿಂಗಿಗೆ ಅಂತ ಮಾರುವ ಚಪ್ಪಟೆ ಪೆಡಲ್ ಶೂಗಳೂ ನೋಡೋಕೆ ಹೆಚ್ಚೂ ಕಡಿಮೆ ಹೀಗೇ ಇರುತ್ತವೆ. ತೀರಾ ತೆಳು ಸೋಲಿನ ಕ್ಯಾನ್ವಾಸ್ ಆದರೆ ಪಿನ್ನುಗಳು ಪಾದಕ್ಕೆ ಚುಚ್ಚಬಹುದು. ಆಗ ಒಳಗೊಂದು ಗಟ್ಟಿ ಇನ್‌ಸೋಲ್ ಹಾಕಿ ನೋಡಿ.

ವರ್ಕ್‌ಶಾಪ್ ಶೂ: ಮೊದಲ ವರ್ಷ ಎಲ್ಲರೂ ಬೈದುಕೊಂಡೇ ಕೊಂಡ, ಆಮೇಲೆ ಯಾರೂ ಮುಟ್ಟದ ಆ ಕಪ್ಪು ಶೂ! ಗಟ್ಟಿ ರಬ್ಬರ್ ಸೋಲ್, ಬೆರಳಿಗೆ ರಕ್ಷಣೆ, ಮಳೆಗೂ ಬೇಗ ನೆನೆಯಲ್ಲ. ತೂಕ ಜಾಸ್ತಿ ಅನ್ನೋದೊಂದು ಬಿಟ್ಟರೆ ದಿನದ ಸೈಕಲ್ಲಿಗೆ ಚೆನ್ನಾಗಿ ಒಗ್ಗುತ್ತೆ. ಆದರೆ ಪ್ಲೇಸ್‌ಮೆಂಟಿಗೆ ಅಂತ ತೆಗೆದ, ನುಣ್ಣಗೆ ಸೋಲ್ ಇರುವ ಫಾರ್ಮಲ್ ಶೂ ಬೇರೆ. ಅದು ಒದ್ದೆ ಪೆಡಲ್ ಮೇಲೆ ನಿಲ್ಲಲ್ಲ.

ಲೇಸ್ ಬಗ್ಗೆ ಒಂದು ಮಾತು. ಚೈನ್ ಇರೋದು ಬಲಗಡೆ. ಉದ್ದ ಬಿಟ್ಟ ಲೇಸು ಚೈನ್ ಮತ್ತು ಹಲ್ಲುಚಕ್ರದ ನಡುವೆ ಸಿಕ್ಕಿಕೊಂಡರೆ ಕಾಲು ಸುತ್ತುತ್ತಲೇ ಇರುತ್ತೆ, ಲೇಸು ಬಿಗಿಯಾಗುತ್ತಲೇ ಹೋಗುತ್ತೆ, ಕಾಲು ಕೆಳಗೆ ಊರೋಕೆ ಬರಲ್ಲ. ಗಂಟು ಹಾಕಿದ ಮೇಲೆ ಉಳಿದ ತುದಿಯನ್ನು ಶೂ ಒಳಗೆ ಸಿಕ್ಕಿಸಿ. ಅಗಲ ಪ್ಯಾಂಟ್, ಪಲಾಝೊ ಹಾಕಿದವರು ಬಲಗಾಲಿಗೆ ಒಂದು ಪಟ್ಟಿ ಕಟ್ಟಿ. ವೇಲ್ ಇದ್ದರೆ ಹಿಂದಕ್ಕೆ ಹಾರಲು ಬಿಡದೆ ಸೊಂಟಕ್ಕೆ ಕಟ್ಟಿಕೊಳ್ಳಿ, ಹಿಂದಿನ ಚಕ್ರ ತುಂಬ ದೂರವೇನೂ ಇಲ್ಲ.

ಪಾದ ಎಲ್ಲಿರಬೇಕು, ಸೀಟು ಎಷ್ಟಿರಬೇಕು?

ಪಾದದ ನಡುವಿನ ಕಮಾನು ಪೆಡಲ್ ಮೇಲೆ ಬರೋ ಹಾಗೆ ತುಳಿಯೋದು ನಮ್ಮಲ್ಲಿ ತುಂಬ ಸಾಮಾನ್ಯ. ಇನ್ನು ಕೆಲವರು ಬರೀ ಬೆರಳ ತುದಿಯಲ್ಲಿ ತುಳೀತಾರೆ. ಇವೆರಡರ ನಡುವಿನದು ಸರಿ: ಹೆಬ್ಬೆರಳಿನ ಬುಡದ ಉಬ್ಬಿದ ಭಾಗ ಪೆಡಲ್ ಆಕ್ಸಲ್ ಮೇಲೆ, ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಬರಲಿ. ಚಪ್ಪಟೆ ಪೆಡಲಿನಲ್ಲಿ ಪಾದವನ್ನು ಒಂದೆರಡು ಸೆಂಟಿಮೀಟರ್ ಮುಂದೆ ತಳ್ಳಿದರೆ ಮೀನಖಂಡಕ್ಕೆ ಶ್ರಮ ಕಡಿಮೆ, ಹಿಡಿತವೂ ಜಾಸ್ತಿ. ಪೆಡಲ್ ಅಗಲ ಇರಬೇಕು ಅನ್ನೋದು ಇದಕ್ಕೇ.

ಶೂ ಬದಲಾದರೆ ಸೀಟಿನ ಎತ್ತರವೂ ಬದಲಾಗಬೇಕು ಅನ್ನೋದು ಹೆಚ್ಚಿನವರಿಗೆ ಹೊಳೆಯಲ್ಲ. ಚಪ್ಪಲಿಯ ಸೋಲ್ 15 ಮಿ.ಮೀ., ರನ್ನಿಂಗ್ ಶೂನದು 30 ಮಿ.ಮೀ. ಅಂದುಕೊಳ್ಳಿ. ಶೂ ಹಾಕಿದ ದಿನ ನಿಮ್ಮ ಕಾಲು 15 ಮಿ.ಮೀ. ಉದ್ದವಾದ ಹಾಗೆ, ಸೀಟು ಅಷ್ಟೇ ಕೆಳಗಿಳಿದ ಹಾಗೆ. ಪೆಡಲಿನ ದಪ್ಪ ಬದಲಾದರೂ ಇದೇ ಲೆಕ್ಕ. ಮೊಣಕಾಲು ಮುಂದೆ ನೋವು ಬಂದರೆ ಸೀಟು ತೀರಾ ಕೆಳಗಿದೆಯಾ ಅಂತ ಮೊದಲು ನೋಡಿ. ಅಂದಾಜಿಗೆ ಒಂದು ಸುಲಭ ದಾರಿ: ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಕ್ಕೆ ತಳ್ಳಿದಾಗ ಮೊಣಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿನಲ್ಲಿ ತಾನಾಗಿ ಸ್ವಲ್ಪ ಬಾಗು ಉಳಿಯುತ್ತೆ.

ತಿರುವಿನಲ್ಲಿ ಒಳಗಿನ ಪೆಡಲ್ ಮೇಲಿರಲಿ. ಎಡಕ್ಕೆ ತಿರುಗುವಾಗ ಎಡ ಪೆಡಲ್ ಮೇಲೆ, ಬಲ ಪೆಡಲ್ ಕೆಳಗೆ. ಇಲ್ಲದಿದ್ದರೆ ವಾಲಿದಾಗ ಅಗಲ ಪೆಡಲ್ ನೆಲಕ್ಕೆ, ಅಥವಾ ನಮ್ಮ ಕ್ಯಾಂಪಸ್ ಹಂಪ್‌ಗಳಿಗೆ, ತಾಗುತ್ತೆ.

ಆದರೂ ಲಾಕ್ ಪೆಡಲ್ಲೇ ಬೇಕು ಅಂದ್ರೆ

ಬೇಡ ಅನ್ನಲ್ಲ. ದೂರದ ಸವಾರಿ ಶುರು ಮಾಡಿದವರಿಗೆ, ಕೆಟ್ಟ ರಸ್ತೆಯಲ್ಲಿ ಕಾಲು ಪೆಡಲಿನಿಂದ ಎಗರೋದು ಬೇಸರವಾದವರಿಗೆ ಇದರಲ್ಲಿ ಸುಖ ಇದೆ. ಎರಡು ಬೋಲ್ಟಿನ ಎಸ್‌ಪಿಡಿಯಿಂದ ಶುರು ಮಾಡಿ. ಶಿಮಾನೊ ಕ್ಲೀಟ್‌ಗಳಲ್ಲಿ ಎಸ್‌ಎಚ್51 ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತೆ. ಎಸ್‌ಎಚ್56 ಬೇರೆ ಕೋನಗಳಿಂದ ಎಳೆದರೂ ಬಿಡುತ್ತೆ. ಹೊಸಬರಿಗೆ 56. ಪೆಡಲಿನ ಸ್ಪ್ರಿಂಗ್ ಬಿಗಿಯನ್ನು 3 ಮಿ.ಮೀ. ಅಲನ್ ಕೀಯಿಂದ ಆದಷ್ಟು ಸಡಿಲ ಮಾಡಿಕೊಳ್ಳಿ. ಗೋಡೆ ಹಿಡಿದು ನಿಂತು ಎರಡೂ ಕಾಲಲ್ಲಿ ಐವತ್ತು ಸಲ ಹಾಕಿ, ಬಿಡಿಸಿ. ಆಮೇಲೆ ಖಾಲಿ ಮೈದಾನ, ಕೊನೆಗೆ ರಸ್ತೆ. ನಾವು ರಸ್ತೆಯ ಎಡಗಡೆ ಹೋಗೋರು, ಹಾಗಾಗಿ ನಿಲ್ಲುವಾಗ ಎಡಗಾಲನ್ನು ಬಿಡಿಸಿ ಎಡಕ್ಕೇ ಊರುವ ಅಭ್ಯಾಸ ಇರಲಿ. ಬಲಕ್ಕೆ ವಾಲಿದರೆ ಆ ಕಡೆ ವಾಹನಗಳಿರುತ್ತವೆ. ಇನ್ನೊಂದು: ಕ್ಲೀಟ್ ಲೋಹದ್ದು, ಕಾಲೇಜಿನ ಕಾರಿಡಾರ್ ಟೈಲ್ಸಿನದು. ಹುಷಾರು.

ಹಾಕೋದು ಹೇಗೆ? ಎಡ ಪೆಡಲಿನ ಗುಟ್ಟು

ಪೆಡಲ್ ಬದಲಿಸೋದು ಹತ್ತು ನಿಮಿಷದ ಕೆಲಸ. ಬೇಕಾಗಿರೋದು ಒಂದು 15 ಮಿ.ಮೀ. ತೆಳು ಸ್ಪ್ಯಾನರ್, ಅಥವಾ ಕೆಲವು ಪೆಡಲ್‌ಗಳಿಗೆ 6 ಇಲ್ಲವೇ 8 ಮಿ.ಮೀ. ಅಲನ್ ಕೀ, ಮತ್ತು ಸ್ವಲ್ಪ ಗ್ರೀಸ್. ಕೊಳ್ಳುವಾಗ ಥ್ರೆಡ್ ಅಳತೆ ನೋಡಿ. ಈಗಿನ ಹೆಚ್ಚಿನ ಸೈಕಲ್‌ಗಳಲ್ಲಿ 9/16 ಇಂಚು. ಎಡ, ಬಲ ಕ್ರ್ಯಾಂಕ್ ಎರಡೂ ಸೇರಿ ಒಂದೇ ಬಾಗಿದ ಸರಳಿನಿಂದ ಮಾಡಿದ ಸೈಕಲ್‌ಗಳಲ್ಲಿ 1/2 ಇಂಚು. ಒಂದಕ್ಕೊಂದು ಹೊಂದಲ್ಲ.

ಬಲ ಪೆಡಲಿನದು ಎಂದಿನ ಥ್ರೆಡ್. ಎಡ ಪೆಡಲಿನದು ಉಲ್ಟಾ, ಅಂದರೆ ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯಾಗುತ್ತೆ. ಯಾಕೆ? ಪೆನ್ಸಿಲ್ಲಿನ ಒಂದು ತುದಿಯನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಇನ್ನೊಂದು ತುದಿಯನ್ನು ಇನ್ನೊಂದು ಕೈಯಿಂದ ವೃತ್ತಾಕಾರವಾಗಿ ಸುತ್ತಿಸಿ. ಪೆನ್ಸಿಲ್ ಮುಷ್ಟಿಯೊಳಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತೆ. ಪೆಡಲ್ ಆಕ್ಸಲ್ ಕ್ರ್ಯಾಂಕಿನ ತೂತಿನೊಳಗೆ ಮಾಡೋದೂ ಇದನ್ನೇ. ನಮ್ಮ ಭಾರ ಯಾವಾಗಲೂ ಕೆಳಕ್ಕೆ, ಆದರೆ ಕ್ರ್ಯಾಂಕ್ ಸುತ್ತುತ್ತಿರುತ್ತೆ. ಕ್ರ್ಯಾಂಕಿನ ಕಣ್ಣಲ್ಲಿ ನೋಡಿದರೆ ಭಾರವೇ ಸುತ್ತು ಹಾಕ್ತಿದೆ. ಈ ಸೂಕ್ಷ್ಮ ಉರುಳಾಟಕ್ಕೆ ಪ್ರಿಸೆಷನ್ ಅಂತಾರೆ. ಎಡಗಡೆ ಸಾದಾ ಥ್ರೆಡ್ ಇದ್ದಿದ್ರೆ ತುಳಿದಷ್ಟೂ ಪೆಡಲ್ ಸಡಿಲವಾಗ್ತಿತ್ತು. ಉಲ್ಟಾ ಥ್ರೆಡ್ ಇರೋದರಿಂದ ಎರಡೂ ಕಡೆ ತುಳಿದಷ್ಟೂ ಬಿಗಿ.

ನೆನಪಿಡೋಕೆ ಸುಲಭ ಸೂತ್ರ: ಸ್ಪ್ಯಾನರ್ ಹಿಡಿಕೆ ಮೇಲ್ಮುಖವಾಗಿರಲಿ. ಎರಡೂ ಕಡೆ ಮುಂದಿನ ಚಕ್ರದ ಕಡೆಗೆ ತಿರುಗಿಸಿದರೆ ಬಿಗಿ, ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಸಡಿಲ. ಪೆಡಲ್ ಮೇಲೆ ಎಲ್, ಆರ್ ಅಂತ ಗುರುತಿರುತ್ತೆ, ಎಲ್ ಅಂದ್ರೆ ಎಡ. ಥ್ರೆಡ್‌ಗೆ ಗ್ರೀಸ್ ಸವರಿ ಮೊದಲ ಮೂರ್ನಾಲ್ಕು ಸುತ್ತು ಬರಿಗೈಯಲ್ಲೇ ತಿರುಗಿಸಿ. ಕೈಯಲ್ಲಿ ಹೋಗದಿದ್ದರೆ ಅಲ್ಲೇ ನಿಲ್ಲಿ, ಏನೋ ತಪ್ಪಾಗಿದೆ. ಆಕ್ಸಲ್ ಉಕ್ಕಿನದು, ಕ್ರ್ಯಾಂಕ್ ಅಲ್ಯುಮಿನಿಯಮ್ ಆಗಿದ್ದರೆ ಸೋಲೋದು ಕ್ರ್ಯಾಂಕೇ. ಥ್ರೆಡ್ ಒಮ್ಮೆ ಕಿತ್ತುಹೋದರೆ ಪೆಡಲಿಗಿಂತ ದುಬಾರಿ ಖರ್ಚು ಬರುತ್ತೆ. ಕೊನೆಗೆ ಗಟ್ಟಿಯಾಗಿ ಬಿಗಿಸಿ. ಶಿಮಾನೊ ಹೇಳೋ ಅಳತೆ 35ರಿಂದ 55 ನ್ಯೂಟನ್ ಮೀಟರ್, ಅಂದರೆ 20 ಸೆಂ.ಮೀ. ಉದ್ದದ ಸ್ಪ್ಯಾನರ್ ತುದಿಯಲ್ಲಿ ಸುಮಾರು 18ರಿಂದ 28 ಕೆ.ಜಿ. ತೂಕದಷ್ಟು ಬಲ.

ಒಂದು ವಿಷಯ ಮರೆಯಬೇಡಿ. ಹಳೆ ಪೆಡಲಿನಲ್ಲಿದ್ದ ಹಳದಿ ರಿಫ್ಲೆಕ್ಟರ್ ಎಷ್ಟೋ ಪಿನ್ ಪೆಡಲ್‌ಗಳಲ್ಲಿ ಇರಲ್ಲ. ರಾತ್ರಿ ಹಿಂದಿನಿಂದ ಬರೋ ಡ್ರೈವರಿಗೆ ಮೇಲೆ ಕೆಳಗೆ ಆಡುವ ಆ ಎರಡು ಚುಕ್ಕೆ ಕಂಡರೆ ‘ಸೈಕಲ್ ಇದೆ’ ಅಂತ ತಕ್ಷಣ ಗೊತ್ತಾಗುತ್ತೆ. ಅದು ಹೋದರೆ ಬದಲಿಗೆ ಎರಡೂ ಕಾಲಿಗೆ ಹೊಳೆಯುವ ಪಟ್ಟಿ ಕಟ್ಟಿ. ಬಲಗಾಲಿನದು ಪ್ಯಾಂಟನ್ನೂ ಚೈನಿನಿಂದ ಕಾಯುತ್ತೆ.

ಕೊನೆಗೆ, ಯಾರಿಗೆ ಯಾವುದು?

ಕ್ಯಾಂಪಸ್ ಒಳಗಷ್ಟೇ ಓಡಾಡೋರು ಈಗಿರೋ ಪೆಡಲನ್ನೇ ನೋಡಿಕೊಳ್ಳಿ. ಒಡೆದಿಲ್ಲ, ಜಾರಲ್ಲ, ಅಲ್ಲಾಡಲ್ಲ ಅಂದರೆ ಬದಲಿಸೋ ಅಗತ್ಯವೇ ಇಲ್ಲ. ಪೆಡಲ್ ಹಿಡಿದು ಅಲುಗಿಸಿದಾಗ ಆಟ ಕಂಡರೆ, ಅಥವಾ ಬೆರಳಲ್ಲಿ ತಿರುಗಿಸಿದಾಗ ಮರಳು ಸಿಕ್ಕಿದ ಹಾಗೆ ಅನಿಸಿದರೆ ಬದಲಿಸಿ. ದಿನಾ ಮನೆಯಿಂದ ಐದು, ಹತ್ತು ಕಿಲೋಮೀಟರ್ ಬರೋರು ಮೊಂಡು ಪಿನ್ನಿನ ನೈಲಾನ್ ಪೆಡಲ್ ಹಾಕಿಸಿ, ಚಪ್ಪಟೆ ಸೋಲಿನ ಯಾವುದಾದರೂ ಶೂ ಹಾಕಿ. ಮಲೆನಾಡು, ಕರಾವಳಿ ಕಡೆಯ ಕಾಲೇಜುಗಳಲ್ಲಿ ಇರೋರು ಜೂನ್ ಬರೋ ಮುಂಚೆಯೇ ಈ ಕೆಲಸ ಮುಗಿಸಿ. ವಾರಕ್ಕೊಮ್ಮೆ ದೂರ ಹೋಗೋರು ಅದೇ ಪೆಡಲ್‌ನಲ್ಲಿ ಒಂದು ಸೆಮಿಸ್ಟರ್ ತುಳಿದು ನೋಡಿ. ಆಮೇಲೂ ಬೇಕು ಅನಿಸಿದರೆ ಎರಡು ಮುಖದ ಪೆಡಲ್ಲಿಗೆ ದುಡ್ಡು ಕೂಡಿಡಿ.

ಬಜೆಟ್ ಒಂದಕ್ಕೇ ಸಾಲೋದಾದ್ರೆ ಮೊದಲು ಪೆಡಲ್, ಆಮೇಲೆ ಶೂ. ಅದರಲ್ಲೂ ಏನಾದ್ರೂ ಉಳಿದ್ರೆ ಬ್ರೇಕ್ ಪ್ಯಾಡ್ ನೋಡಿ, ಎಷ್ಟು ಚೆನ್ನಾಗಿ ತುಳಿದರೂ ಕೊನೆಗೆ ನಿಲ್ಲಿಸಲೇಬೇಕಲ್ವಾ?